ಗ್ರಾಮಾಫೋನ್ ತಟ್ಟೆಯ ಮೂಲಪ್ರತಿ

ಹಳೆಯ ಗ್ರಾಮಾಫೋನ್ ತಟ್ಟೆಗಳ ಸಂಗ್ರಾಹಕರು ಪ್ರಥಮ ಮುದ್ರಣಕ್ಕೆ ಮಾತ್ರ ಬೆಲೆ ಕಟ್ಟಿ ಮರುಮುದ್ರಣವನ್ನು ಕಡೆಗಣಿಸುವುದು ವಾಡಿಕೆ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಮಾನದಂಡವೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ.

ಮೂಲಪ್ರತಿಯನ್ನು ಗುರುತಿಸುವ ಕ್ರಮವೇನೋ ಶಾಸ್ತ್ರೀಯವಾದುದೇ ಸರಿ. ಮುಂದೆ 1930ರಲ್ಲಿ ಮೈಸೂರಿನಲ್ಲಿ ನಿಧನರಾದ ಗೌಹರ್ ಜಾನ್ ಅವರ ಗಾಯನವನ್ನು ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡರು. ಆಗ ತಟ್ಟೆಗಳು ಅಚ್ಚಾದುದು ಜರ್ಮನಿಯ ಹ್ಯಾನೋವರಿನಲ್ಲಿ. ಕಲ್ಕತ್ತೆಯಲ್ಲಿ ಕಾರ್ಖಾನೆ ತೆರೆದುದು 1908ರಲ್ಲಿ. ಆದುದರಿಂದ ಲೇಬಲಿನಲ್ಲಿ ಹ್ಯಾನೋವರಿನ ಹೆಸರಿದ್ದರೆ ಅದು ಮೊದಲ ಕಾಲದ ಅಚ್ಚೆಂದು ಊಹಿಸಲು ಆಧಾರವುಂಟು. ಆದರೆ ಕಾಗದದ ಲೇಬಲು ಮುದ್ರಣದಿಂದ ಮುದ್ರಣಕ್ಕೆ ಬದಲಾಗುವಂಥದು. ಅರಗಿನಲ್ಲಿಯೇ ಒತ್ತಿರುವ ಮೂಲ ಅಚ್ಚಿನ ಸಂಖ್ಯೆಯು ಗಾಯನದ ಗುರುತನ್ನು ಹೇಳುತ್ತದೆ. ಎರಡನ್ನೂ ಕೂಡಿಸಿ ಓದಬೇಕು.

ಇಷ್ಟರಿಂದ ತಟ್ಟೆಯ ಚರಿತ್ರೆ ದೊರೆತೀತೇ ಹೊರತು ಕೇಳುಗರ ಚರಿತ್ರೆ ದೊರೆಯದು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ನುಡಿಗಳು ನೆರೆಹೊರೆಯಾಗಿ ಬಾಳಿದವು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುಕವಲು ಗಣಿಯನ್ನು ಹೊರಜಗತ್ತಿಗೆ ಜೋಡಿಸಿತ್ತು. ಅಂಥ ಮನೆಯೊಂದರಲ್ಲಿ ಸವೆದ ಮರುಮುದ್ರಣ ಸಿಕ್ಕಿದರೆ, ಆ ಹಾಡಿಗೆ ಬೇಡಿಕೆ ಉಳಿದಿತ್ತೆಂಬುದಕ್ಕೆ ಮರುಮುದ್ರಣವೂ, ಅದನ್ನು ಮತ್ತೆ ಮತ್ತೆ ಕೇಳಿದರೆಂಬುದಕ್ಕೆ ಸವೆತವೂ ಸಾಕ್ಷಿ. ಸಂಗ್ರಾಹಕರು ದೋಷವೆನ್ನುವುದೇ ನಮಗೆ ಪ್ರಮಾಣ.

2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಅನೇಕ ಕುಟುಂಬಗಳು ಊರು ಬಿಟ್ಟವು. ಈಗ ತಟ್ಟೆಯನ್ನು ಕೊಳ್ಳುವವರು ಅದು ಎಲ್ಲಿ ದೊರೆಯಿತೆಂಬುದನ್ನು ಬರೆದಿಡದಿದ್ದರೆ, ನೆಲೆ ತಿಳಿಯದ ಶಾಸನದಂತೆ ಅದರ ಅರ್ಧ ಅರ್ಥ ಅಳಿದುಹೋಗುತ್ತದೆ. ಸಂಗ್ರಹದ ಪಟ್ಟಿಯಲ್ಲಿ ಅಚ್ಚಿನ ಸಂಖ್ಯೆಯ ಪಕ್ಕದಲ್ಲಿ ದೊರೆತ ಸ್ಥಳಕ್ಕೂ ಒಂದು ಅಂಕಣವಿರುವುದು ಅವಶ್ಯಕ.