ಪುಷ್ಪಕವೋ, ಮೇಘವೋ?
(ಪ್ರಥಮ ನಗರದರ್ಶನದ ವಿಚಾರವಾಗಿ)

ಕಾವ್ಯವೊಂದನ್ನು ಮೊದಲ ಸಲ ಓದುವವನಿಗೂ ನಗರವೊಂದನ್ನು ಮೊದಲ ಸಲ ಕಾಣುವವನಿಗೂ ಒಂದೇ ಬಗೆಯ ತೊಡಕು ಎದುರಾಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲದೆ ಸಾಗಬೇಕು ಎಂಬುದು ಇಬ್ಬರಿಗೂ ತಿಳಿಯದು. ಕಾವ್ಯ ಓದುವವನಿಗಾದರೋ ಗುರುವಿದ್ದಾನೆ, ವ್ಯಾಖ್ಯಾನವಿದೆ. ಕಂಡರಿಯದ ಊರಿನ ಸ್ಟೇಶನ್ನಿನಲ್ಲಿ ಕೈಚೀಲ ಹಿಡಿದು ಇಳಿದವನಿಗೆ ರಿಕ್ಷಾದವರ ಕೂಗಿನ ಹೊರತು ಬೇರೆ ಮಾರ್ಗದರ್ಶನವಿಲ್ಲ. ಈ ತೊಡಕನ್ನು ಕಳೆಯುವುದಕ್ಕಾಗಿ ದೊಡ್ಡ ನಗರಗಳು ಕಂಡುಕೊಂಡ ಉಪಾಯಗಳಲ್ಲಿ ಇಳಿದು ಹತ್ತುವ ದರ್ಶನದ ಬಸ್ಸು ಒಂದು. ಒಮ್ಮೆ ಟಿಕೀಟು ಕೊಂಡವನು ಗೊತ್ತಾದ ಸುತ್ತುದಾರಿಯಲ್ಲಿ ತನಗೆ ಬೇಕಾದಲ್ಲಿ ಇಳಿದು, ಮನದಣಿಯ ನೋಡಿ, ಹಿಂದಿನಿಂದ ಬರುವ ಅದೇ ಸಾಲಿನ ಇನ್ನೊಂದು ಬಸ್ಸನ್ನು ಏರಬಹುದು. ವಿದೇಶದ ನಗರಗಳಲ್ಲಿ ಈ ಪದ್ಧತಿ ಬಹುಕಾಲದಿಂದ ರೂಢವಾಗಿದೆ. ದಿಲ್ಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಕಾಲಕ್ಕೆ ಅದು ಬಂದಿತು. ಕರ್ನಾಟಕದಲ್ಲಿ 2021ರ ಮಾರ್ಚಿ ತಿಂಗಳಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಲಂಡನ್ನಿನ ಮಾದರಿಯಲ್ಲಿ, ಇಳಿದು ಹತ್ತುವ ಅನುಕೂಲದೊಡನೆ ಯೋಜಿತವಾದ ಎರಡಂತಸ್ತಿನ ತೆರೆದ ಬಸ್ಸನ್ನು ಮೈಸೂರಿನಲ್ಲಿ ಹೊರಡಿಸಿ, ಅದಕ್ಕೆ ‘ಅಂಬಾರಿ’ ಎಂದು ಹೆಸರಿಟ್ಟಿತು.

ಬಸ್ಸಿನ ವಿಚಾರವು ಸಾಹಿತ್ಯಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರು ಎನ್ನಬಹುದು. ಆದರೆ ಧಾರವಾಡದ ಬದಿಯ ಹೆಬ್ಬಳ್ಳಿಯಂಥ ಊರಿನಿಂದ ರಾತ್ರಿಯ ರೈಲು ಹಿಡಿದು, ಜನ್ಮದಲ್ಲಿ ಒಮ್ಮೆ ಮೈಸೂರನ್ನು ನೋಡಿ ಬರುವ ಕುಟುಂಬಗಳು ಎಷ್ಟೋ ಇವೆ. ಅಂಥವರು ತಿರುಗಿ ಬಂದಾಗ ‘ಏನೇನು ನೋಡಿದಿರಿ’ ಎಂದು ಕೇಳಿದರೆ ‘ಎಲ್ಲಾ ನೋಡಿದೆವು’ ಎಂಬ ಉತ್ತರ ದೊರೆಯುತ್ತದೆ. ‘ಏನು ಕಂಡಿರಿ’ ಎಂದರೆ ಮಾತು ತಡವರಿಸುತ್ತದೆ. ನೋಟಕ್ಕೂ ಕಾಣ್ಕೆಗೂ ಇರುವ ಈ ಅಂತರವೇ ರಸವಿಚಾರದ ಮೂಲ. ಒಮ್ಮೆ ಮಾತ್ರ ದೊರೆಯುವ ನೋಟವು ಬರಿದಾಗಿ ಕಳೆದುಹೋದರೆ ಆ ನಷ್ಟವನ್ನು ತುಂಬಿಕೊಡುವ ಎರಡನೆಯ ನೋಟವು ಅವರ ಪಾಲಿಗೆ ಇರುವುದಿಲ್ಲ. ಆದುದರಿಂದ ಯಾವ ಬಗೆಯಲ್ಲಿ ನೋಡಿದರೆ ಕಂಡಂತಾಗುವುದೆಂಬುದು ವಿಚಾರಾರ್ಹವಾದ ವಿಷಯವೇ ಸರಿ.

ಈ ವಿಚಾರಕ್ಕೆ ಕಾಳಿದಾಸನ ಎರಡು ಕೃತಿಗಳು ಒದಗಿಬರುತ್ತವೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಸೀತೆಯೊಡನೆ ಪುಷ್ಪಕವನ್ನೇರಿ ಲಂಕೆಯಿಂದ ಅಯೋಧ್ಯೆಗೆ ಮರಳುತ್ತಾನೆ. ಕೆಳಗೆ ಸಮುದ್ರ, ಸೇತು, ಜನಸ್ಥಾನ, ಮಾಲ್ಯವಂತ, ಪಂಪಾಸರಸ್ಸು, ಗೋದಾವರಿ, ಚಿತ್ರಕೂಟ, ಗಂಗಾಯಮುನೆಯರ ಸಂಗಮ ಒಂದಾದ ಮೇಲೊಂದು ಸರಿದುಹೋಗುತ್ತವೆ. ರಾಮನು ಕೈದೋರಿ ಹೇಳುತ್ತಾನೆ, ಸೀತೆ ಕೇಳುತ್ತಾಳೆ. ಎಲ್ಲಿಯೂ ಇಳಿಯುವುದಿಲ್ಲ, ಭರತನು ಎದುರುಗೊಳ್ಳಲು ಬಂದಾಗಲೇ ವಿಮಾನವು ನೆಲವನ್ನು ಮುಟ್ಟುತ್ತದೆ. ಮೇಘದೂತದ ಪಯಣವು ಇದಕ್ಕೆ ತೀರ ಬೇರೆಯಾದುದು. ಅಲ್ಲಿ ಯಕ್ಷನು ಮೋಡಕ್ಕೆ ದಾರಿಯನ್ನು ಹೇಳುವಾಗ, ದಣಿದಾಗ ಬೆಟ್ಟದ ನೆತ್ತಿಯ ಮೇಲೆ ನಿಲ್ಲೆಂದೂ, ಸೊರಗಿದಾಗ ಹೊಳೆಯ ನೀರನ್ನು ಕುಡಿದು ಮುಂದಕ್ಕೆ ಹೋಗೆಂದೂ ಹೇಳುತ್ತಾನೆ. ಉಜ್ಜಯಿನಿಯು ನೇರದಾರಿಗೆ ಸೇರಿದ್ದಲ್ಲ. ಆದರೂ ಬಳಸಿ ಹೋಗಿ ಅದನ್ನು ಕಾಣಬೇಕೆಂದು ಒತ್ತಾಯಪಡಿಸಿ, ಮಹಾಕಾಲನ ಸಂಧ್ಯಾಪೂಜೆಯವರೆಗೆ ಅಲ್ಲಿಯೇ ತಂಗಿಸಿ, ಪಾರಿವಾಳಗಳು ಮಲಗಿರುವ ಮಹಡಿಯೊಂದರ ಮೇಲೆ ರಾತ್ರಿಯನ್ನು ಕಳೆಸಿ, ಸೂರ್ಯೋದಯಕ್ಕೆ ಮತ್ತೆ ಹೊರಡಿಸುತ್ತಾನೆ. ಇಳಿದು ಹತ್ತುವ ಪಯಣಕ್ಕೆ ಇದಕ್ಕಿಂತ ಹಳೆಯ ಹಾಗೂ ಮೇಲಾದ ಲಕ್ಷಣಗ್ರಂಥವು ದೊರೆಯುವುದು ದುರ್ಲಭ.

ಹಾಗಾದರೆ ಪುಷ್ಪಕದ ನೋಟವು ಕೀಳೆನ್ನಬಹುದೇ? ಹಾಗಲ್ಲ. ಹದಿಮೂರನೆಯ ಸರ್ಗವು ರಘುವಂಶದ ಅತ್ಯಂತ ಸ್ವಾರಸ್ಯವಾದ ಭಾಗಗಳಲ್ಲೊಂದು. ಅದರ ಸ್ವಾರಸ್ಯವು ಎಲ್ಲಿಂದ ಬಂದಿತೆಂಬುದನ್ನು ಮಾತ್ರ ವಿಚಾರಿಸಬೇಕು. ರಾಮನು ಆ ನೆಲವನ್ನು ಹಲವು ವರುಷ ಕಾಲುನಡಿಗೆಯಿಂದ ಅಳೆದವನು. ಜನಸ್ಥಾನದಲ್ಲಿ ಸೀತೆಯ ನೂಪುರವೊಂದು ಬಿದ್ದು ದೊರೆತ ಎಡೆಯನ್ನು ಅವನು ತೋರಿಸುತ್ತಾನೆ. ಮಾಲ್ಯವಂತದ ಮೇಲೆ ಮಳೆಗಾಲದಲ್ಲಿ ತಾನು ಪಟ್ಟ ವಿರಹವನ್ನು ಹೇಳುತ್ತಾನೆ. ಗೋದಾವರಿಯ ತೀರವು ಸೀತೆಗೂ ಬಲ್ಲ ಸ್ಥಳ. ಮಾಲ್ಯವಂತವು ಆಕೆ ನಡೆದಾಡಿದ ಸ್ಥಳವಲ್ಲ. ಆದರೂ ಅದು ಆಕೆಗೆ ಮನಮುಟ್ಟುವುದು, ಹೇಳುವವನು ಅಲ್ಲಿ ಬಾಳಿ ಬಂದವನಾದುದರಿಂದ. ಅಂದರೆ ಮೇಲಿನಿಂದ ನೋಡುವ ನೋಟವು ಎರಡು ಸಂದರ್ಭಗಳಲ್ಲಿ ಫಲಿಸುತ್ತದೆ. ನೋಡುವವನು ಮೊದಲೇ ಆ ನೆಲವನ್ನು ಮೆಟ್ಟಿದ್ದರೆ ಅದು ಸ್ಮರಣೆಯಾಗಿ ಫಲಿಸುತ್ತದೆ. ಮೆಟ್ಟದಿದ್ದರೆ, ಮೆಟ್ಟಿ ಬಲ್ಲವನೊಬ್ಬನು ಮಗ್ಗುಲಲ್ಲಿದ್ದು ಹೇಳಿದಾಗ ಫಲಿಸುತ್ತದೆ. ಈ ಎರಡೂ ಇಲ್ಲದವನಿಗೆ ಪುಷ್ಪಕವು ಎತ್ತರದ ಪೀಠ ಮಾತ್ರ.

‘ಅಂಬಾರಿ’ಯ ಮೇಲಂತಸ್ತಿಗೆ ಈ ಮಾತನ್ನು ಅನ್ವಯಿಸಿ ನೋಡಬಹುದು. ದಸರೆಯ ರಾತ್ರಿಗಳಲ್ಲಿ ದೀಪಾಲಂಕಾರವನ್ನು ನೋಡುವುದಕ್ಕೆ ಜನರು ಅದನ್ನು ಬಯಸಿ ಏರುತ್ತಾರೆ. ದೀಪದ ಸಾಲುಗಳಿಗೆ ಇಳಿದು ನಿಲ್ಲುವ ಅಗತ್ಯವಿಲ್ಲ. ಅಲ್ಲಿ ಚಲನೆಯೇ ಶೋಭೆ. ಆದರೆ ಹಗಲಿನ ಮೈಸೂರಿಗೆ ಆ ನ್ಯಾಯವು ಸಲ್ಲದು. ಅಂಬಾವಿಲಾಸ ಅರಮನೆಯು ರಸ್ತೆಯಿಂದ ಕಂಡರೆ ಗುಮ್ಮಟಗಳ ಒಂದು ಗುಂಪು. 1897ರಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದುದು, ಹೆನ್ರಿ ಇರ್ವಿನ್ನನ ನಕ್ಷೆಯಂತೆ 1912ರಲ್ಲಿ ಈಗಿನ ಕಟ್ಟಡವು ಮುಗಿದುದು, ಇವುಗಳ ಅರ್ಥವಾಗಬೇಕಾದರೆ ಒಳಗೆ ಹೋಗಿ ಎರಕದ ಕಬ್ಬಿಣದ ಕಂಬಗಳನ್ನೂ ಬಣ್ಣದ ಗಾಜಿನ ಛಾವಣಿಯನ್ನೂ ನಿಂತು ನೋಡಬೇಕು. ಸುಟ್ಟುಹೋದ ಮನೆಯ ನೆನಪಿನಿಂದ ಕಬ್ಬಿಣದ ಮನೆ ಹುಟ್ಟಿತೆಂಬುದು ಬಸ್ಸಿನ ಪೀಠದಿಂದ ಹೊಳೆಯುವ ಸಂಗತಿಯಲ್ಲ.

ಇದಕ್ಕಿಂತಲೂ ಹೆಚ್ಚಾಗಿ ವಿದ್ಯಾವಂತರು ಮನಗಾಣಬೇಕಾದ ನಿದರ್ಶನವೊಂದು ಅದೇ ಊರಿನಲ್ಲಿದೆ. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವು ಅರಮನೆಯಂತೆ ದೂರದಿಂದ ಕರೆಯುವ ಕಟ್ಟಡವಲ್ಲ. ಆದರೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ದುಡಿದ ಸ್ಥಳವದು. ಜಗತ್ತಿನ ವಿದ್ವಾಂಸರು ಭಾರತದ ರಾಜನೀತಿಯನ್ನು ಕುರಿತು ಇಟ್ಟುಕೊಂಡಿದ್ದ ಅಭಿಪ್ರಾಯವು ಆ ಓಲೆಗಳಿಂದ ತಿರುಗಿತು. ಮೃಗಾಲಯದ ಮುಂದೆ ಬಸ್ಸು ಬರಿದಾಗುವುದು, ಇಂಥ ಬಾಗಿಲ ಮುಂದೆ ಒಬ್ಬನೂ ಇಳಿಯದಿರುವುದು ಸಹಜವಾಗಿ ತೋರಬಹುದು. ದೋಷವನ್ನು ಪ್ರಯಾಣಿಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಹೇಳುವವರಿಲ್ಲದೆ ಇಳಿಯುವವರು ಎಲ್ಲಿಂದ ಬರಬೇಕು? ದರ್ಶನದ ಬಸ್ಸಿನಲ್ಲಿ ಚಕ್ರಕ್ಕಿಂತ ವ್ಯಾಖ್ಯಾನವೇ ಮುಖ್ಯವೆಂಬುದು ಇಲ್ಲಿ ಸಿದ್ಧವಾಗುತ್ತದೆ. ಆ ವ್ಯಾಖ್ಯಾನವು ಕಟ್ಟಡದ ಎತ್ತರ ಅಗಲಗಳನ್ನು ಒಪ್ಪಿಸುವ ಗಿಳಿಪಾಠವಾಗದೆ, ಪದಕ್ಕೆ ಪದಾರ್ಥವನ್ನೂ ವಾಕ್ಯಕ್ಕೆ ತಾತ್ಪರ್ಯವನ್ನೂ ಕೊಡುವ ಟೀಕೆಯಾಗಬೇಕು, ತಿಳಿಗನ್ನಡದಲ್ಲಿರಬೇಕು.

ಇಳಿದು ಹತ್ತುವ ಪದ್ಧತಿಯ ವಿರುದ್ಧ ಎರಡು ಆಕ್ಷೇಪಗಳಿವೆ. ಊರನ್ನು ತಿಳಿಯಬೇಕಾದರೆ ನಡೆಯಬೇಕು, ಬಸ್ಸು ಸೋಮಾರಿಗಳ ಸಾಧನ ಎಂಬುದು ಮೊದಲನೆಯದು. ನಡೆಯಬಲ್ಲವನಿಗೆ ಈ ಮಾತು ಒಪ್ಪತಕ್ಕುದೇ. ಆದರೆ ಮಂಡಿನೋವಿನ ತಾಯಿಯನ್ನೂ ಕೈಗೂಸನ್ನೂ ಕರೆದುಕೊಂಡು ಒಂದೇ ಹಗಲಿಗಾಗಿ ಬಂದ ಗೃಹಸ್ಥನಿಗೆ ಇದು ಬುದ್ಧಿವಾದವಾದೀತೇ ಹೊರತು ಉಪಕಾರವಾಗದು. ಬಸ್ಸು ದೂರವನ್ನು ಉಳಿಸಿಕೊಟ್ಟರೆ ಆ ಶಕ್ತಿಯನ್ನು ಇಳಿದ ಸ್ಥಳದಲ್ಲಿ ನಡೆಯುವುದಕ್ಕೆ ವಿನಿಯೋಗಿಸಬಹುದು. ಎಲ್ಲರನ್ನೂ ಒಟ್ಟಿಗೆ ಇಳಿಸಿ ಒಟ್ಟಿಗೆ ಹತ್ತಿಸಿಕೊಂಡು ಹೋಗುವ ಪ್ರವಾಸದ ಬಸ್ಸೇ ಮೇಲು, ಅದರಲ್ಲಿ ತಪ್ಪಿಸಿಕೊಳ್ಳುವ ಭಯವಿಲ್ಲ ಎಂಬುದು ಎರಡನೆಯದು. ಇದರಲ್ಲಿಯೂ ಸತ್ಯಾಂಶವಿದೆ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವಣ ಕಾಲವು ಬಹಳವಾದರೆ, ಇಳಿಯುವ ಸ್ವಾತಂತ್ರ್ಯವು ಬಿಸಿಲಿನಲ್ಲಿ ಕಾಯುವ ಶಿಕ್ಷೆಯಾಗಿ ಪರಿಣಮಿಸುತ್ತದೆ. ಮೇಲಿಂದ ಮೇಲೆ ಬಸ್ಸು ಬಾರದ ಊರಿನಲ್ಲಿ ಈ ಪದ್ಧತಿಗೆ ಹೆಸರು ಮಾತ್ರ ಉಳಿಯುತ್ತದೆ. ಅಲ್ಲಿ ಒಟ್ಟುಪ್ರವಾಸವೇ ಮೇಲೆಂದು ಒಪ್ಪಬೇಕು. ಆದರೆ ಒಟ್ಟುಪ್ರವಾಸದಲ್ಲಿ ಮೆಚ್ಚಿದ ಸ್ಥಳಕ್ಕೂ ಮೆಚ್ಚದ ಸ್ಥಳಕ್ಕೂ ಒಂದೇ ಅರ್ಧ ಗಂಟೆ ಗೊತ್ತಾಗಿರುತ್ತದೆ. ಎಲ್ಲ ಶ್ಲೋಕಗಳಿಗೂ ಸಮನಾದ ಹೊತ್ತನ್ನು ಹಂಚುವ ಅಧ್ಯಾಪಕನಿಂದ ಕಾವ್ಯವು ಹೇಗೆ ಬಾಡುವುದೋ ಹಾಗೆಯೇ ಊರೂ ಬಾಡುತ್ತದೆ.

ಪದ್ಧತಿಯು ಒಳ್ಳೆಯದಾದರೂ ಅದನ್ನು ಬಳಸುವವನಲ್ಲಿ ವಿವೇಕವಿರಬೇಕು. ಮೊದಲ ಸುತ್ತಿನಲ್ಲಿ ಎಲ್ಲಿಯೂ ಇಳಿಯದೆ ಇಡಿಯ ದಾರಿಯನ್ನು ನೋಡಿಬಿಡುವುದು ಲೇಸು. ಇದು ಕಾವ್ಯದ ಪ್ರಥಮವಾಚನವಿದ್ದಂತೆ. ಅರ್ಥ ಪೂರ್ತಿಯಾಗದಿದ್ದರೂ ಯಾವ ಸರ್ಗವು ಎಲ್ಲಿದೆಯೆಂಬುದು ತಿಳಿಯುತ್ತದೆ. ಎರಡನೆಯ ಸುತ್ತಿನಲ್ಲಿ ಎರಡು ಮೂರು ಸ್ಥಳಗಳನ್ನು ಮಾತ್ರ ಆರಿಸಿಕೊಂಡು ಇಳಿಯಬೇಕು. ಕೊಟ್ಟ ಹಣವು ವ್ಯರ್ಥವಾಗಬಾರದೆಂದು ನಿಲ್ದಾಣ ನಿಲ್ದಾಣಕ್ಕೂ ಇಳಿಯುವವನು ಸಂಜೆಗೆ ಕಾಲುನೋವನ್ನಲ್ಲದೆ ಬೇರೇನನ್ನೂ ಮನೆಗೆ ಒಯ್ಯುವುದಿಲ್ಲ. ಯಕ್ಷನೂ ಮೋಡವನ್ನು ನಿಲ್ಲಿಸುವಷ್ಟೇ ತ್ವರೆಪಡಿಸುತ್ತಾನೆ. ಹೂವಿನ ಕಂಪುಳ್ಳ ಬೆಟ್ಟ ಬೆಟ್ಟದಲ್ಲಿಯೂ ತಡವಾದೀತೆಂದು ಶಂಕಿಸುತ್ತಾನೆ. ನಿಲ್ಲುವುದಕ್ಕೂ ಹೊರಡುವುದಕ್ಕೂ ಸಮನಾದ ಬೆಲೆ ಕೊಟ್ಟುದರಲ್ಲಿಯೇ ಆ ಪಯಣದ ಔಚಿತ್ಯವಿದೆ.

ಮೇಘದ ಇನ್ನೊಂದು ಗುಣವನ್ನು ವಾಚಕರು ಗಮನಿಸಬೇಕು. ಅದು ಇಳಿದಲ್ಲೆಲ್ಲ ಏನನ್ನಾದರೂ ಕೊಡುತ್ತದೆ. ಆಮ್ರಕೂಟದ ಕಾಡುಗಿಚ್ಚನ್ನು ಆರಿಸುತ್ತದೆ, ಹೂಬಿಡಿಸುವ ಹೆಂಗಳೆಯರ ಬಾಡಿದ ಮುಖಕ್ಕೆ ಕ್ಷಣಕಾಲ ನೆರಳಾಗುತ್ತದೆ, ಮಹಾಕಾಲನ ಪೂಜೆಗೆ ಗುಡುಗಿನ ನಗಾರಿಯಾಗುತ್ತದೆ. ಮೇಲಂತಸ್ತಿನಲ್ಲಿ ಕುಳಿತು ಹೋಗುವವನಿಗೂ ಊರಿಗೂ ಕೊಡುಕೊಳ್ಳುವಿಕೆಯಿಲ್ಲ. ಇಳಿದವನು ಹಣ್ಣಿನವಳ ಸಂಗಡ ಮಾತಾಡುತ್ತಾನೆ, ದಾರಿ ಕೇಳುತ್ತಾನೆ, ಒಂದು ಕಪ್ಪು ಚಹಾ ಕುಡಿಯುತ್ತಾನೆ. ಊರು ಅವನಿಗೆ ಪರಿಚಿತವಾಗುವುದು ಆ ಮಾತಿನಿಂದ.

ಇನ್ನು ಹುಬ್ಬಳ್ಳಿ-ಧಾರವಾಡಗಳ ವಿಚಾರ. ಈ ಜೋಡಿನಗರಕ್ಕೆ ದರ್ಶನದ ಬಸ್ಸು ಬೇಕೆಂಬ ಮಾತು ಆಗಾಗ ಕೇಳಿಬರುವುದುಂಟು. ಆದರೆ 2018ರಲ್ಲಿ ಪ್ರಾಯೋಗಿಕವಾಗಿ ಸಂಚಾರವನ್ನಾರಂಭಿಸಿ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟಿತವಾದ ‘ಚಿಗರಿ’ ಬಸ್ಸುಗಳು ಸುಮಾರು 22 ಕಿಲೋಮೀಟರುಗಳ ದಾರಿಯಲ್ಲಿ ಆ ಕೆಲಸವನ್ನು ಅರ್ಧಕ್ಕೂ ಹೆಚ್ಚಾಗಿ ಮಾಡಬಲ್ಲವು. ನಿಲ್ದಾಣಗಳು ರಸ್ತೆಯ ನಡುವೆಯೇ ಇವೆ. ಒಂದು ಹೋದರೆ ಇನ್ನೊಂದು ಬರುತ್ತದೆ. ಹೊಸಬನು ಉಣಕಲ್ಲಿನಲ್ಲಿ ಇಳಿದು ಕೆರೆಯನ್ನೂ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರನ ಗುಡಿಯನ್ನೂ ನೋಡಬಹುದು. ಧಾರವಾಡದಲ್ಲಿ ಇಳಿದು 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನೂ, ಬೇಂದ್ರೆಯವರ ಸಾಧನಕೇರಿಯನ್ನೂ, ಮಲ್ಲಿಕಾರ್ಜುನ ಮನಸೂರರು ಬಾಳಿದ ‘ಮೃತ್ಯುಂಜಯ’ ಎಂಬ ಮನೆಯನ್ನೂ ಅರಸಬಹುದು. ಹುಬ್ಬಳ್ಳಿಯ ತುದಿಯಲ್ಲಿ ಸಿದ್ಧಾರೂಢರ ಮಠವಿದೆ. ರಾಷ್ಟ್ರಧ್ವಜದ ಖಾದಿಯನ್ನು ಸಿದ್ಧಪಡಿಸುವ ಬೆಂಗೇರಿಯ ಸಂಘವಿದೆ. ವಾಹನವಿದೆ, ಮೂಲಪಾಠವಿದೆ; ಇಲ್ಲದಿರುವುದು ಟೀಕೆ. ಚಿಗರಿಯೊಳಗೆ ಕೂಗುವ ದನಿಯು ನಿಲ್ದಾಣದ ಹೆಸರನ್ನು ಹೇಳುತ್ತದೆ, ಆ ಹೆಸರಿನ ಅರ್ಥವನ್ನು ಹೇಳುವುದಿಲ್ಲ. ಆದುದರಿಂದಲೇ ಮೊದಲ ಸಲ ಬಂದವನು ಪೇಢೆಯ ಪೊಟ್ಟಣವನ್ನು ಹಿಡಿದು, ‘ಧಾರವಾಡ ನೋಡಿದೆ’ ಎಂದು ಮರಳುತ್ತಾನೆ.

ಈ ಕೊರತೆಯನ್ನು ನಿಗಮಗಳೇ ತುಂಬಬೇಕೆಂದು ಕಾಯುವ ಕಾರಣವಿಲ್ಲ. ನಿಲ್ದಾಣಕ್ಕೆ ಒಂದು ಪುಟದಂತೆ, ಅಲ್ಲಿ ಇಳಿದವನು ಎತ್ತ ನಡೆಯಬೇಕು, ಏನನ್ನು ಕಾಣಬೇಕು, ಅದು ಏಕೆ ಕಾಣತಕ್ಕುದು ಎಂಬುದನ್ನು ತಿಳಿಸುವ ಸಣ್ಣದೊಂದು ಕನ್ನಡದ ಕೈಪಿಡಿಯನ್ನು ಜಿಲ್ಲೆಯ ಸಾಹಿತ್ಯಸಂಸ್ಥೆಗಳು ಬರೆಸಬಹುದು. ಬರೆಯುವವರು ಆ ಬೀದಿಗಳಲ್ಲಿ ನಡೆದು ಬಲ್ಲವರಾಗಿರಬೇಕು, ಅಷ್ಟೇ. ನೂಪುರವು ಎಲ್ಲಿ ಬಿದ್ದಿತೆಂಬುದನ್ನು ತೋರಿಸಿಕೊಡುವುದು ವಿಮಾನಕ್ಕೆ ಸಾಧ್ಯವಾಗುವ ಕೆಲಸವಲ್ಲ.