ಹೆಸರು ಬದಲಿಸದ ವಹೀದಾ

1955ರ ತೆಲುಗು ಚಿತ್ರ ‘ರೋಜುಲು ಮಾರಾಯಿ’ಯಲ್ಲಿ ಒಂದೇ ಕುಣಿತದಿಂದ ವಹೀದಾ ರೆಹಮಾನ್ ಮನೆಮಾತಾದರು. ಆಗ ಹೈದರಾಬಾದಿಗೆ ಬಂದಿದ್ದ, ಬೆಂಗಳೂರಿನಲ್ಲಿ ಹುಟ್ಟಿದ ನಿರ್ದೇಶಕ ಗುರುದತ್ತರ ಕಣ್ಣಿಗೆ ಬಿದ್ದರು. ಮುಂಬೈಯಲ್ಲಿ ‘ಸಿ.ಐ.ಡಿ.’ಗೆ ಸಹಿ ಹಾಕುವ ಮುನ್ನ ಹೆಸರು ಬದಲಿಸಿಕೊಳ್ಳಲು ಹೇಳಿದರೆ, ಹದಿಹರೆಯದ ಆ ಹುಡುಗಿ ಒಪ್ಪಲಿಲ್ಲ. ಆ ಗಟ್ಟಿತನವೇ ನನಗೆ ಅವರ ನಟನೆಯಲ್ಲೂ ಕಾಣುವುದು. ‘ಪ್ಯಾಸಾ’ದ ಗುಲಾಬೋ ಕಣ್ಣೀರಿಗಿಂತ ನೋಟದಲ್ಲೇ ಹೆಚ್ಚು ಹೇಳುತ್ತಾಳೆ, ಅತಿ ಎಂಬುದೇ ಇಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣರ ಕಾದಂಬರಿಯಿಂದ ಬಂದ ‘ಗೈಡ್’ನಲ್ಲಿ, ಗಂಡನನ್ನು ತೊರೆದು ನೃತ್ಯವನ್ನು ಆರಿಸಿಕೊಂಡ ರೋಸಿಗಾಗಿ ವಹೀದಾ ಎಲ್ಲೂ ಕ್ಷಮೆ ಬೇಡುವುದಿಲ್ಲ. 1965ರಲ್ಲಿ ಅದು ಸಣ್ಣ ಧೈರ್ಯವಲ್ಲ. ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಘೋಷಣೆಯಾದದ್ದು 2023ರಲ್ಲಿ; ಬಹಳ ತಡವಾಯಿತು. ‘ಗೈಡ್’ ನೋಡಿರದವರು ದಯವಿಟ್ಟು ನೋಡಿ.