ಮೇಲರ್ಧ ಕಪ್ಪಾದ ಫಿಲ್ಟರ್

ಸೂರ್ಯೋದಯದಲ್ಲಿ ಅಮೆರಿಕದ ಸಿಯೆರಾ ನೆವಾಡಾದ ಶಿಖರಗಳು ಕೆಂಡದಂತೆ ಹೊಳೆಯುವಾಗ ಬುಡದ ಕಣಿವೆಯಲ್ಲಿ ಇನ್ನೂ ಮಬ್ಬುಗತ್ತಲೆ. ಕಣ್ಣು ಎರಡನ್ನೂ ನೋಡಬಲ್ಲದು, ಸ್ಲೈಡ್ ಫಿಲ್ಮ್‌ಗೆ ಅದು ಸಾಧ್ಯವಿರಲಿಲ್ಲ. ಶಿಖರ ಸರಿಬಂದರೆ ಕಣಿವೆ ಮಸಿ, ಕಣಿವೆ ಕಂಡರೆ ಶಿಖರ ಬಿಳಿಚು. ಪರ್ವತಾರೋಹಿ, ಛಾಯಾಗ್ರಾಹಕ ಗೇಲನ್ ರೊವೆಲ್ ಇದಕ್ಕೆ ಬಳಸಿದ್ದು ಮೇಲೆ ಕಪ್ಪಾಗಿ ಕೆಳಗೆ ತಿಳಿಯಾಗುವ ಫಿಲ್ಟರ್. ಮೇಲ್ಭಾಗದ ಬೆಳಕನ್ನಷ್ಟೇ ಅದು ತಗ್ಗಿಸುತ್ತದೆ, ಬಣ್ಣ ಬಳಿಯುವುದಿಲ್ಲ. ಆದರೆ ಫಿಲ್ಟರ್ ಹಿಡಿದವರೆಲ್ಲ ರೊವೆಲ್ ಆಗಲಿಲ್ಲ ಅನ್ನಿ! ಪುಟ್ಟ 35 ಮಿ.ಮೀ. ಕ್ಯಾಮೆರಾ ಹಿಡಿದು ಬೆಳಕಿನ ಹಿಂದೆ ಓಡುವ ಕಾಲೂ ಅವರಿಗಿತ್ತು. ಇಂದಿನ ಮೊಬೈಲ್‌ಗಳು ನೆರಳನ್ನೆಲ್ಲ ಬೆಳಗಿಸಿ ಬೆಟ್ಟವನ್ನೇ ಚಪ್ಪಟೆ ಮಾಡುತ್ತವೆ. ರೊವೆಲ್ ಚಿತ್ರಗಳಲ್ಲಿ ಕತ್ತಲೆಗೂ ಜಾಗವಿದೆ. 1986ರ ಅವರ ‘ಮೌಂಟನ್ ಲೈಟ್’ ಪುಸ್ತಕ ಎಲ್ಲಾದರೂ ಸಿಕ್ಕರೆ ಬಿಡಬೇಡಿ.